ಕಿಟ್ಟೆಲ್ ಎಂಬ ನಿಲುವಂಗಿ

ಕನ್ನಡದ ಪಂಡಿತರು "ಕಿಟ್ಟೆಲ್ ನೋಡಿ" ಎಂದಾಗ, ಯಾರನ್ನೋ ಕಂಡು ಬರಬೇಕೆಂಬುದು ಅವರ ಅಭಿಪ್ರಾಯವಲ್ಲ. ವಿದ್ಯಾರ್ಥಿ ಹಳಗನ್ನಡದ ಯಾವುದೋ ಮಾತಿಗೆ ಅರ್ಥ ತಿಳಿಯದೆ ತೊಡರಿ ನಿಂತಿದ್ದಾನೆ. ನಿಘಂಟನ್ನು ತೆರೆಯಲಿ ಎಂಬುದಷ್ಟೆ ಅದರ ತಾತ್ಪರ್ಯ. ಅದೇ ಆವರಣದ ಇನ್ನೊಂದು ಕಟ್ಟಡದಲ್ಲಿ ಭೌತವಿಜ್ಞಾನದ ಅಧ್ಯಾಪಕರು "ಕಿಟ್ಟೆಲ್ ಓದಿಕೊಂಡು ಬನ್ನಿ" ಎಂದರೆ ಆ ತರಗತಿಯವರು ಕೈಗೆತ್ತಿಕೊಳ್ಳುವುದು ಹರಳುಗಳ ರಚನೆಯನ್ನೂ ಲೋಹಗಳ ಗುಣವನ್ನೂ ವಿವರಿಸುವ ಬೇರೊಂದು ಗ್ರಂಥವನ್ನು. ಕನ್ನಡ ವಿಭಾಗದವರಿಗೆ ಆ ಕಿಟ್ಟೆಲ್ ಗೊತ್ತಿಲ್ಲ. ವಿಜ್ಞಾನ ವಿಭಾಗದವರಿಗೆ ಈ ಕಿಟ್ಟೆಲ್ ಬೇಕಾಗಿಲ್ಲ. ಒಂದು ಹೆಸರು ಹೀಗೆ ಮನುಷ್ಯನಿಂದ ಬಿಡಿಸಿಕೊಂಡು ಗ್ರಂಥಕ್ಕೆ ಅಂಟಿಕೊಳ್ಳುವುದು ದೊಡ್ಡ ಗೌರವವೇ ಸರಿ. ಆದರೆ ಈ ಒಂದೇ ಜರ್ಮನ್ ಮನೆತನದ ಹೆಸರನ್ನು ಹೊತ್ತವರು ಇವರಿಬ್ಬರೇ ಅಲ್ಲ. ಮಿಕ್ಕವರು ಯಾರೆಂದು ವಿಚಾರಿಸುತ್ತ ಹೋದಾಗ ನನಗೆ ದೊರೆತದ್ದು ಬರಿಯ ಕುತೂಹಲದ ಸಂಗತಿಗಳಲ್ಲ. ಹೆಸರಿಗೂ ಮನುಷ್ಯನಿಗೂ, ವಿದ್ಯೆಗೂ ಮನುಷ್ಯತ್ವಕ್ಕೂ ಏನು ಸಂಬಂಧವೆಂಬ ಪ್ರಶ್ನೆಯನ್ನೇ ಅವು ನನ್ನ ಮುಂದಿಟ್ಟವು.

ಮೊದಲು ಪದದ ವಿಚಾರ. ಜರ್ಮನ್ ಭಾಷೆಯಲ್ಲಿ 'ಕಿಟ್ಟೆಲ್' ಎಂದರೆ ಒಂದು ಉಡುಪು. ಕೆಲಸಗಾರರು ತೊಟ್ಟ ಬಟ್ಟೆಯ ಮೇಲೆ ಹಾಕಿಕೊಳ್ಳುವ ಸಡಿಲವಾದ ನಿಲುವಂಗಿ ಅದು. ರೈತನೂ ಕುಶಲಕರ್ಮಿಯೂ ತೊಡುತ್ತಿದ್ದ ಅಂಗಿಗೂ, ಇಂದು ವೈದ್ಯರು ತೊಡುವ ಬಿಳಿಯ ಅಂಗಿಗೂ ಇದೇ ಮಾತು. ಮಧ್ಯಯುಗದಲ್ಲಿ ಅಂಥ ಅಂಗಿಯನ್ನು ಹೊಲಿಯುತ್ತಿದ್ದವನಿಗೋ, ಸದಾ ಅದನ್ನೇ ತೊಟ್ಟು ತಿರುಗುತ್ತಿದ್ದವನಿಗೋ ಊರವರು ಆ ಹೆಸರನ್ನಿಟ್ಟರು. ಮಕ್ಕಳು ಮೊಮ್ಮಕ್ಕಳಿಗೆ ಅದೇ ಮನೆತನದ ಹೆಸರಾಗಿ ನಿಂತಿತು. ಇದರಲ್ಲಿ ನಮಗೆ ವಿಚಿತ್ರವೇನೂ ಕಾಣಬೇಕಾಗಿಲ್ಲ. ಧಾರವಾಡದ ಕಡೆ ಹೋದರೆ ಜವಳಿ, ಅಂಗಡಿ, ಮೆಣಸಿನಕಾಯಿ, ಉಳ್ಳಾಗಡ್ಡಿ, ಪತ್ತಾರ, ಬಡಿಗೇರ ಎಂಬ ಅಡ್ಡಹೆಸರುಗಳು ಹೆಜ್ಜೆಹೆಜ್ಜೆಗೂ ಸಿಗುತ್ತವೆ. ನಮ್ಮ ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ, ಅನ್ವರ್ಥನಾಮವಾಗಿ ಹುಟ್ಟಿದ್ದು ಕಾಲಕ್ರಮದಲ್ಲಿ ಅಂಕಿತನಾಮವಾಯಿತು. ಮೊದಲನೆಯವನಿಗೆ ಅದು ಅವನ ಗುಣವನ್ನೋ ಕಸುಬನ್ನೋ ಹೇಳುತ್ತಿತ್ತು. ನಾಲ್ಕನೆಯ ತಲೆಯವನಿಗೆ ಅದು ಬರಿಯ ಗುರುತು. ಇಂಥ ಹೆಸರು ಬೇರೆ ಬೇರೆ ಊರುಗಳಲ್ಲಿ ಬೇರೆ ಬೇರೆ ಮನೆಗಳಿಗೆ ತಾನಾಗಿಯೇ ಅಂಟಿಕೊಳ್ಳುವುದರಿಂದ, ಕಿಟ್ಟೆಲ್ ಎಂಬವರೆಲ್ಲ ಒಂದೇ ಬಳ್ಳಿಯ ಕಾಯಿಗಳೆಂದು ತಿಳಿಯಬೇಕಾಗಿಲ್ಲ.

ಈ ಅಂಗಿಯನ್ನು ನಮ್ಮ ನಾಡಿಗೆ ತಂದವರು ಫರ್ಡಿನಾಂಡ್ ಕಿಟ್ಟೆಲ್ಲರು. ಜರ್ಮನಿಯ ಉತ್ತರದ ಕಡಲಂಚಿನ ಪೂರ್ವ ಫ್ರೀಸ್‌ಲಂಡ್ ಪ್ರಾಂತದ ರೆಸ್ಟರ್‌ಹಾಫೆ ಎಂಬಲ್ಲಿ 1832ರಲ್ಲಿ, ಒಬ್ಬ ಪಾದ್ರಿಯ ಮಗನಾಗಿ ಅವರು ಜನಿಸಿದರು. ಬಾಸೆಲ್ ಮಿಷನ್ನಿನ ಕಡೆಯಿಂದ 1853ರಲ್ಲಿ ಇಂಡಿಯಕ್ಕೆ ಬಂದಾಗ ಅವರಿಗೆ ಇಪ್ಪತ್ತೊಂದು ವರ್ಷ. ಬಂದ ಉದ್ದೇಶ ಧರ್ಮಪ್ರಸಾರ. ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಆದರೆ ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿ ಕೆಲಸಮಾಡುತ್ತ, ಜನರಿಗೆ ಹೇಳುವುದಕ್ಕೆ ಮುನ್ನ ಜನರ ಮಾತನ್ನು ಕೇಳಬೇಕೆಂಬ ಹಟ ಅವರನ್ನು ಹಿಡಿಯಿತು. ಯೇಸುವಿನ ಚರಿತೆಯನ್ನು ಹೇಳಲು ಹೊರಟಾಗಲೂ ಕನ್ನಡದ ಛಂದಸ್ಸಿನಲ್ಲಿಯೇ 'ಕಥಾಮಾಲೆ'ಯನ್ನು ಬರೆದು 1862ರಲ್ಲಿ ಪ್ರಕಟಿಸಿದರು. ಕೇಶಿರಾಜನ 'ಶಬ್ದಮಣಿದರ್ಪಣ'ವನ್ನು 1872ರಲ್ಲೂ ನಾಗವರ್ಮನ 'ಛಂದೋಂಬುಧಿ'ಯನ್ನು 1875ರಲ್ಲೂ ಸಂಪಾದಿಸಿ ಅಚ್ಚುಮಾಡಿಸಿದರು. ಅನಂತರ ನಿಘಂಟು. ದೇಹಸ್ಥಿತಿ ಕೆಟ್ಟು ಸ್ವದೇಶಕ್ಕೆ ಹಿಂದಿರುಗಿದ್ದವರು, ಆ ಕೆಲಸವನ್ನು ಪೂರೈಸಲೆಂದೇ 1883ರಲ್ಲಿ ಸಂಸಾರವನ್ನು ಅಲ್ಲಿಯೇ ಬಿಟ್ಟು ಮತ್ತೆ ಕಡಲು ದಾಟಿ ಬಂದರು. ಸುಮಾರು 70,000 ಪದಗಳ, 1,700ಕ್ಕೂ ಹೆಚ್ಚು ಪುಟಗಳ ಆ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದಿತು. ಟ್ಯೂಬಿಂಗನ್ ವಿಶ್ವವಿದ್ಯಾಲಯ 1896ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಪದವಿಯನ್ನಿತ್ತಿತು. 1903ರಲ್ಲಿ ಕನ್ನಡ ವ್ಯಾಕರಣದ ಅವರ ಗ್ರಂಥ ಪ್ರಕಟವಾಯಿತು. ಆ ವರ್ಷದ ಡಿಸೆಂಬರಿನಲ್ಲಿ ಅದೇ ಟ್ಯೂಬಿಂಗನ್ ಊರಿನಲ್ಲಿ ಅವರು ಕಾಲವಾದರು.

ಈ ನಿಘಂಟಿನ ಹಿರಿಮೆ ಅದರ ಗಾತ್ರದಲ್ಲಿ ಮಾತ್ರವಿಲ್ಲ. ಒಂದು ಪದಕ್ಕೆ ಅರ್ಥ ಹೇಳಿದೊಡನೆ, ಆ ಪದವನ್ನು ಕವಿ ಎಲ್ಲಿ ಬಳಸಿದ್ದಾನೆ, ಗಾದೆಯಲ್ಲಿ ಅದು ಹೇಗೆ ಬಂದಿದೆ, ತಮಿಳು ತೆಲುಗು ಮಲಯಾಳ ತುಳುಗಳಲ್ಲಿ ಅದರ ನೆಂಟರು ಯಾರು ಎಂದು ತೋರಿಸಿಕೊಡುವುದು ಅವರ ಕ್ರಮ. ಕಾವ್ಯದ ಸಾಲಿಗೂ ಸಂತೆಯ ಗಾದೆಗೂ ಅಲ್ಲಿ ಒಂದೇ ಪಂಕ್ತಿ. ವೈಯಾಕರಣರಿಗೆ ಪ್ರಯೋಗವೇ ಶರಣು ಎಂಬ ನಮ್ಮ ಹಿರಿಯರ ಮಾತನ್ನು ಈ ಪರದೇಶದ ಪಾದ್ರಿ ಅಕ್ಷರಶಃ ಪಾಲಿಸಿದರು. ಮದರಾಸು ವಿಶ್ವವಿದ್ಯಾಲಯದ ಪರವಾಗಿ ಎಂ. ಮರಿಯಪ್ಪ ಭಟ್ಟರು 1968ರಿಂದ 1971ರವರೆಗೆ ಆ ನಿಘಂಟನ್ನು ಪರಿಷ್ಕರಿಸಿ ನಾಲ್ಕು ಸಂಪುಟಗಳಲ್ಲಿ ಹೊರತಂದಾಗಲೂ ಅದು ಕಿಟ್ಟೆಲ್ ನಿಘಂಟಾಗಿಯೇ ಉಳಿಯಿತು. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜಿದೆ. ಬೆಂಗಳೂರಿನಲ್ಲಿ ಅವರ ಪ್ರತಿಮೆಯಿದೆ. ಕನ್ನಡನಾಡಿನಲ್ಲಿ ಕಿಟ್ಟೆಲ್ ಎಂಬುದು ಪೂಜ್ಯವಾದ ಹೆಸರು.

ಇನ್ನು ಅದೇ ಹೆಸರಿನ ಉಳಿದವರನ್ನು ನೋಡೋಣ. ಅವರಲ್ಲಿ ಹಿರಿಯನೆಂದರೆ ಯೋಹಾನ್ ಕ್ರಿಸ್ಟಿಯಾನ್ ಕಿಟ್ಟೆಲ್. ತ್ಯೂರಿಂಗಿಯ ಪ್ರಾಂತದ ಎರ್ಫುರ್ಟ್ ಪಟ್ಟಣದಲ್ಲಿ 1732ರಲ್ಲಿ ಹುಟ್ಟಿ, ಅಲ್ಲಿಯೇ 1809ರಲ್ಲಿ ತೀರಿಕೊಂಡ ಈತ, ಸಂಗೀತ ಮಹಾಚಾರ್ಯನಾದ ಯೋಹಾನ್ ಸೆಬಾಸ್ಟಿಯಾನ್ ಬಾಖನ ಕಟ್ಟಕಡೆಯ ಶಿಷ್ಯರಲ್ಲಿ ಒಬ್ಬ. ಎರ್ಫುರ್ಟಿನ ಚರ್ಚಿನಲ್ಲಿ ಆರ್ಗನ್ ವಾದ್ಯವನ್ನು ನುಡಿಸುತ್ತ, ಗುರುವಿನಿಂದ ಪಡೆದುದನ್ನು ಶಿಷ್ಯಪರಂಪರೆಗೆ ದಾಟಿಸುವುದರಲ್ಲಿಯೇ ಜೀವಮಾನವನ್ನು ಕಳೆದ. ಅವನ ಬಗ್ಗೆ ಸೊಗಸಾದ ಒಂದು ಕಥೆ ಇದೆ. ಅವನ ಮನೆಯಲ್ಲಿ ಬಾಖನ ಚಿತ್ರಪಟವೊಂದಿತ್ತಂತೆ, ಅದಕ್ಕೊಂದು ಪರದೆ. ಶಿಷ್ಯ ಶ್ರದ್ಧೆಯಿಂದ ನುಡಿಸಿದ ದಿನ ಪರದೆ ಸರಿದು ಗುರುವಿನ ದರ್ಶನವಾಗುತ್ತಿತ್ತು. ಇಲ್ಲವಾದರೆ ಪರದೆ ಮುಚ್ಚಿಯೇ ಇರುತ್ತಿತ್ತು. ಗುರುಮುಖದ ಬೆಲೆ ಬಲ್ಲ ನಮ್ಮ ಸಂಗೀತಗಾರರಿಗೆ ಈ ಕಥೆ ಹೊರಗಿನದೆಂದು ತೋರಲಾರದು.

ಅದೇ ತ್ಯೂರಿಂಗಿಯದ ಆರ್ನ್‌ಷ್ಟಾಟ್, ಬಾಖ್ ತರುಣನಾಗಿ ಉದ್ಯೋಗದಲ್ಲಿದ್ದ ಊರು. ಅಲ್ಲಿ 1988ರಲ್ಲಿ ಹುಟ್ಟಿದ ಮಾರ್ಸೆಲ್ ಕಿಟ್ಟೆಲ್ ಹೆಸರು ಗಳಿಸಿದ್ದು ಸೈಕಲ್ ಪಂದ್ಯದಲ್ಲಿ. ಫ್ರಾನ್ಸಿನ ಪ್ರಸಿದ್ಧ ಪಂದ್ಯವಾದ ಟೂರ್ ಡಿ ಫ್ರಾನ್ಸ್‌ನಲ್ಲಿ 2013ರಿಂದ 2017ರ ಅವಧಿಯಲ್ಲಿ ಹದಿನಾಲ್ಕು ದಿನಗಳ ಗೆಲುವು ಈತನದು. ಅವುಗಳಲ್ಲಿ ಒಂದನ್ನು, 2017ರಲ್ಲಿ, ಗೆದ್ದದ್ದು ಕೇವಲ ಆರು ಮಿಲಿಮೀಟರುಗಳ ಅಂತರದಿಂದ. ಅಂದರೆ ಒಂದು ರಾಗಿಕಾಳಿನ ಮೂರೋ ನಾಲ್ಕೋ ಪಟ್ಟು!

ಭೌತವಿಜ್ಞಾನದ ಕಿಟ್ಟೆಲ್ ಎಂದರೆ ಚಾರ್ಲ್ಸ್ ಕಿಟ್ಟೆಲ್. 1916ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿ, 2019ರಲ್ಲಿ ನೂರೆರಡು ವರ್ಷ ತುಂಬಿ ಬಾಳಿದ ವಿಜ್ಞಾನಿ. ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ 1951ರಿಂದ 1978ರವರೆಗೆ ಪ್ರಾಧ್ಯಾಪಕರಾಗಿದ್ದರು. ಘನಸ್ಥಿತಿಯ ಭೌತವಿಜ್ಞಾನಕ್ಕೆ ಪ್ರವೇಶಿಕೆಯಾಗಿ ಅವರು 1953ರಲ್ಲಿ ಬರೆದ ಪುಸ್ತಕ ಎಂಟು ಪರಿಷ್ಕರಣಗಳನ್ನು ಕಂಡು ಜಗತ್ತಿನ ವಿದ್ಯಾರ್ಥಿಗಳೆಲ್ಲರ ಮೇಜಿನ ಮೇಲೆ ಕುಳಿತಿತು. ಲೋಹದೊಳಗೆ ದೂರದೂರವಿರುವ ಎರಡು ಕಾಂತಕಣಗಳು ನಡುವಣ ಎಲೆಕ್ಟ್ರಾನುಗಳ ಮೂಲಕ ಒಂದರ ಇರವನ್ನು ಇನ್ನೊಂದು ಅರಿಯುವ ಬಗೆಯನ್ನು ವಿವರಿಸಿದ ನಾಲ್ವರಲ್ಲಿ ಅವರೂ ಒಬ್ಬರು. ಆ ಪರಸ್ಪರ ಕ್ರಿಯೆಗೆ ನಾಲ್ವರ ಹೆಸರೂ ಕೂಡಿ ನಿಂತಿದೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ಇದು ಒಂದು ಸಭ್ಯವಾದ ಪಟ್ಟಿಯಾಗಿ ಮುಗಿಯುತ್ತಿತ್ತು. ಆದರೆ ಗ್ರಂಥಾಲಯದ ಸೂಚಿಯಲ್ಲಿ 'ಕಿಟ್ಟೆಲ್, ನಿಘಂಟು' ಎಂದು ಹುಡುಕುವವನಿಗೆ ಇನ್ನೊಂದು ಗ್ರಂಥವೂ ಸಿಗುತ್ತದೆ. ಅದರ ಕರ್ತೃವಿನ ತಂದೆಯಿಂದ ಆರಂಭಿಸುತ್ತೇನೆ. ರುಡಾಲ್ಫ್ ಕಿಟ್ಟೆಲ್ 1853ರಲ್ಲಿ ಹುಟ್ಟಿದ ಮಹಾವಿದ್ವಾಂಸರು, ಲೈಪ್‌ಜಿಗ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು. ಹೀಬ್ರೂ ಬೈಬಲಿನ ಪಾಠಾಂತರಗಳನ್ನು ಕೂಡಿಸಿ ಅವರು 1906ರಲ್ಲಿ ಪೂರೈಸಿದ 'ಬಿಬ್ಲಿಯ ಹೆಬ್ರಾಯಿಕ' ಎಂಬ ಸಂಪಾದಿತ ಗ್ರಂಥ ಆ ಶಾಸ್ತ್ರದಲ್ಲಿ ಇಂದಿಗೂ ದಾರಿದೀಪ. ಯೆಹೂದ್ಯರ ಪವಿತ್ರ ಗ್ರಂಥದ ಒಂದೊಂದು ಅಕ್ಷರವನ್ನೂ ಕಣ್ಣಿಗೊತ್ತಿಕೊಂಡು ನೋಡಿದ ಈ ತಂದೆಯ ಮಗ ಗೆರ್ಹಾರ್ಡ್ ಕಿಟ್ಟೆಲ್. 1888ರಲ್ಲಿ ಜನನ. 1926ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕ ಪದವಿ. ನಮ್ಮ ಕಿಟ್ಟೆಲ್ಲರು ಕೊನೆಯುಸಿರೆಳೆದ ಅದೇ ಊರು, ಅವರನ್ನು ಗೌರವಿಸಿದ ಅದೇ ವಿದ್ಯಾಪೀಠ.

ಗೆರ್ಹಾರ್ಡ್ ಕೂಡ ನಿಘಂಟುಕಾರನೇ. ಬೈಬಲಿನ ಹೊಸ ಒಡಂಬಡಿಕೆಯಲ್ಲಿ ಬರುವ ಗ್ರೀಕ್ ಪದಗಳ ಧಾರ್ಮಿಕ ಅರ್ಥವನ್ನು ವಿವರಿಸುವ ಬೃಹತ್ಕೋಶವೊಂದನ್ನು ಆತ ಯೋಜಿಸಿದ. ಅನೇಕ ವಿದ್ವಾಂಸರು ಸೇರಿ ಬರೆದ ಆ ಕೋಶದ ಮೊದಲ ಸಂಪುಟ 1933ರಲ್ಲಿ ಪೂರ್ಣಗೊಂಡಿತು. ಕೆಲಸ ಆತನ ಮರಣಾನಂತರವೂ ಮುಂದುವರಿದು ಹತ್ತು ಸಂಪುಟಗಳಾಯಿತು. ಯೆಹೂದ್ಯ ಧರ್ಮವನ್ನರಿಯದೆ ಯೇಸುವಿನ ಬೋಧೆಯನ್ನು ಅರಿಯಲಾಗದೆಂದು 1920ರ ದಶಕದಲ್ಲಿ ವಾದಿಸಿದ್ದವನು ಆತ. ಆದರೆ ಕೋಶದ ಮೊದಲ ಸಂಪುಟ ಹೊರಬಂದ ವರ್ಷವೇ, ಹಿಟ್ಲರನು ಅಧಿಕಾರಕ್ಕೆ ಬಂದ 1933ರಲ್ಲೇ, ಆತ ನಾಜಿ ಪಕ್ಷವನ್ನು ಸೇರಿದ. 'ಯೆಹೂದ್ಯ ಪ್ರಶ್ನೆ' ಎಂಬ ಪುಸ್ತಕವನ್ನೂ ಬರೆದ. ತಲೆತಲಾಂತರದಿಂದ ಆ ನೆಲದಲ್ಲಿ ಬಾಳಿದ ಯೆಹೂದ್ಯರನ್ನು ಪೌರರೆಂದು ಎಣಿಸದೆ, ಹಕ್ಕಿಲ್ಲದ ಅತಿಥಿಗಳಂತೆ ಬೇರೆಯಿಡಬೇಕೆಂಬುದು ಅದರ ಸಾರ. ಅವರನ್ನು ನಿರ್ಮೂಲ ಮಾಡುವ ಮಾತನ್ನೂ ಆತ ಪುಸ್ತಕದಲ್ಲಿ ಎತ್ತಿ, ಅದು ಆಗಹೋಗದ ಕೆಲಸವೆಂದು ಬದಿಗಿಟ್ಟಿದ್ದಾನೆ. ತತ್ತ್ವಜ್ಞಾನಿ ಮಾರ್ಟಿನ್ ಬೂಬರರು ಆಗಲೇ ಬಹಿರಂಗ ಪತ್ರ ಬರೆದು ಇದಕ್ಕೆ ಉತ್ತರ ಕೊಟ್ಟರು. ಯುದ್ಧಾನಂತರ 1945ರಲ್ಲಿ ಫ್ರೆಂಚರು ಗೆರ್ಹಾರ್ಡನನ್ನು ಬಂಧಿಸಿದರು, ಪದವಿ ಹೋಯಿತು. 1948ರಲ್ಲಿ ಟ್ಯೂಬಿಂಗನ್ನಿನಲ್ಲಿಯೇ ಆತ ತೀರಿಕೊಂಡ.

ಇಲ್ಲಿಗೆ ಬಂದಾಗ ನನ್ನ ಮನಸ್ಸು ಕಲಕಿತು. ಒಂದೇ ಹೆಸರು, ಒಂದೇ ಊರು, ಒಂದೇ ಬಗೆಯ ಕಾಯಕ. ಇಬ್ಬರೂ ಪದಗಳಿಗೆ ಅರ್ಥ ಹುಡುಕಿದವರು. ಇಬ್ಬರೂ ತಮ್ಮದಲ್ಲದ ಒಂದು ಜನಾಂಗದ ಭಾಷೆಯನ್ನೂ ಗ್ರಂಥಗಳನ್ನೂ ಆಳವಾಗಿ ಅಭ್ಯಾಸಮಾಡಿದವರು. ಒಬ್ಬರಿಗೆ ಆ ಅಭ್ಯಾಸದಿಂದ ಅಪರಿಚಿತರು ಆಪ್ತರಾದರು. ಇನ್ನೊಬ್ಬನಿಗೆ ಆಪ್ತವಾಗಿದ್ದ ವಿದ್ಯೆಯೇ ನೆರೆಯವರನ್ನು ಅಪರಿಚಿತರೆಂದು ಹೊರದೂಡುವ ಆಯುಧವಾಯಿತು. ಓದಿದವರು ಕೆಟ್ಟದ್ದನ್ನು ಮಾಡಲಾರರೆಂಬ ನಂಬಿಕೆ ಅಧ್ಯಾಪಕ ವೃತ್ತಿಯವರಾದ ನಮಗೆ ಬಹಳ ಪ್ರಿಯವಾದದ್ದು. ಈ ಎರಡು ನಿಘಂಟುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದ ಮೇಲೆ ಅದನ್ನು ಹಿಡಿದುಕೊಂಡಿರುವುದು ಕಷ್ಟ.

ಗೆರ್ಹಾರ್ಡನ ಕೋಶದ ಬಗ್ಗೆ 1961ರಲ್ಲಿ ಜೇಮ್ಸ್ ಬಾರ್ ಎಂಬ ವಿದ್ವಾಂಸರು ಮಾಡಿದ ಟೀಕೆ ಭಾಷೆಯ ವಿದ್ಯಾರ್ಥಿಗಳೆಲ್ಲರೂ ತಿಳಿಯತಕ್ಕದ್ದು. ಪದದ ಮೂಲಧಾತುವನ್ನು ಅಗೆದು, ಅದು ಬಂದೆಡೆಗಳ ಅರ್ಥವನ್ನೆಲ್ಲ ಒಟ್ಟುಗೂಡಿಸಿ, ಆ ಹೊರೆಯನ್ನೆಲ್ಲ ಒಂದೊಂದು ವಾಕ್ಯದಲ್ಲಿಯೂ ಆ ಪದದ ಮೇಲೆ ಹೇರುವುದು ತಪ್ಪು. ಪದಕ್ಕೆ ಅರ್ಥ ಬರುವುದು ಅದು ನಿಂತ ವಾಕ್ಯದಿಂದ ಎಂಬುದು ಅವರ ವಾದ. ಇದು ಹೆಸರುಗಳಿಗೂ ಸಲ್ಲುವ ಮಾತೆಂದು ನನಗೆ ತೋರುತ್ತದೆ. ಒಬ್ಬ ಮನುಷ್ಯನನ್ನು ಅವನ ಬಾಳಿನ ವಾಕ್ಯದಲ್ಲಿಟ್ಟು ಓದದೆ, ಅವನ ಹೆಸರಿನ ಧಾತುವಿನಿಂದ, ಕುಲದಿಂದ ಅವನ ಅರ್ಥವನ್ನು ನಿಷ್ಕರ್ಷೆ ಮಾಡುವುದು ಇದೇ ಜಾತಿಯ ದೋಷ. ಜರ್ಮನಿಯ ಆ ಸರ್ಕಾರ ಆ ದೋಷವನ್ನೇ ಶಾಸನವನ್ನಾಗಿ ಮಾಡಿತು. ಹೆಸರಿನಿಂದಲೇ ಯೆಹೂದ್ಯರೆಂದು ಗುರುತು ಸಿಗದ ಯೆಹೂದ್ಯ ಗಂಡಸರೆಲ್ಲ 'ಇಸ್ರಾಯೇಲ್' ಎಂಬ, ಹೆಂಗಸರೆಲ್ಲ 'ಸಾರಾ' ಎಂಬ ಹೆಸರನ್ನು 1939ರ ಜನವರಿಯಿಂದ ಕಡ್ಡಾಯವಾಗಿ ಸೇರಿಸಿಕೊಳ್ಳಬೇಕೆಂದು 1938ರಲ್ಲಿ ಆಜ್ಞೆ ಹೊರಡಿಸಿತು. ಅಂಕಿತನಾಮವೆಂಬುದು ಅಲ್ಲಿ ಹಣೆಗೊತ್ತಿದ ಬರೆಯಾಯಿತು.

ಇನ್ನೂ ಕಠೋರವಾದ ಸಂಗತಿ ಮುಂದಿದೆ. ಯೆಹೂದ್ಯರಲ್ಲಿಯೂ 'ಕಿಟ್ಟೆಲ್' ಎಂಬ ಮಾತುಂಟು. ಜರ್ಮನ್ ಮೂಲದಿಂದ ಯಿದ್ದಿಷ್ ಭಾಷೆಗೆ ಬಂದ ಆ ಪದ ಅವರಿಗೆ ಬಿಳಿಯ ನಿಲುವಂಗಿಯ ಹೆಸರು. ಪ್ರಾಯಶ್ಚಿತ್ತದ ಪರ್ವದಿನ ಗಂಡಸರು ಅದನ್ನು ತೊಟ್ಟು ಪ್ರಾರ್ಥನೆಗೆ ನಿಲ್ಲುತ್ತಾರೆ. ಮದುವೆಯ ದಿನ ವರನು ತೊಡುವುದೂ, ಕೊನೆಗೆ ಸತ್ತವರಿಗೆ ಉಡಿಸುವುದೂ ಆ ಶುಭ್ರವಾದ ಅಂಗಿಯನ್ನೇ. ಹುಲುಮಾನವನು ದೇವರೆದುರಿಗೆ ನಿಲ್ಲುವಾಗ ತೊಡುವ ಉಡುಪು ಅದು. ಆ ಉಡುಪಿನ ಹೆಸರೇ ಮನೆತನದ ಹೆಸರಾಗಿದ್ದ ಬ್ರೂನೋ ಕಿಟ್ಟೆಲ್ ಎಂಬ ನಾಜಿ ಅಧಿಕಾರಿ 1943ರ ಸೆಪ್ಟೆಂಬರಿನಲ್ಲಿ ಲಿಥುವೇನಿಯದ ವಿಲ್ನ ನಗರದ ಯೆಹೂದ್ಯರ ಘೆಟ್ಟೊವನ್ನು ಬರಿದುಮಾಡುವ ಕೆಲಸದ ಮೇಲ್ವಿಚಾರಕನಾಗಿದ್ದ. ಗೋಡೆಯೊಳಗೆ ಕೂಡಿಹಾಕಿದ್ದ ಆ ಜನ ಪುಸ್ತಕಭಂಡಾರವೊಂದನ್ನು ನಡೆಸುತ್ತಿದ್ದರು. ಒಂದು ಲಕ್ಷ ಪುಸ್ತಕಗಳನ್ನು ಎರವಲು ಕೊಟ್ಟದ್ದಾಯಿತೆಂದು 1942ರ ಡಿಸೆಂಬರಿನಲ್ಲಿ ಸಮಾರಂಭವನ್ನೂ ಮಾಡಿದ್ದರು. ಅಂಥ ಓದುಗರನ್ನು ಸಾವಿಗೂ ದುಡಿಮೆಯ ಶಿಬಿರಗಳಿಗೂ ಅಟ್ಟಿದವನು ಸ್ವತಃ ನಟ, ಸ್ಯಾಕ್ಸಫೋನ್ ವಾದಕ. ಯುದ್ಧ ಮುಗಿದ ಮೇಲೆ ಅವನು ಪತ್ತೆಯಾಗಲಿಲ್ಲ. ಇಸ್ರೇಲಿನ ನಾಟಕಕಾರ ಜೋಶುವಾ ಸೊಬೊಲ್ 1984ರ ತಮ್ಮ 'ಘೆಟ್ಟೊ' ನಾಟಕದಲ್ಲಿ ಅವನನ್ನು ಪಾತ್ರವಾಗಿ ನಿಲ್ಲಿಸಿದ್ದಾರೆ. ಅದೇ ಕಾಲದಲ್ಲಿ ಬರ್ಲಿನ್ನಿನಲ್ಲಿ ಇನ್ನೊಬ್ಬ ಬ್ರೂನೋ ಕಿಟ್ಟೆಲ್ ಇದ್ದರು. 1902ರಲ್ಲಿ ಗಾಯಕವೃಂದವೊಂದನ್ನು ಕಟ್ಟಿ, ಬೀಥೋವನ್ನನ ಒಂಬತ್ತನೆಯ ಸಿಂಫೊನಿಯ ಗಾಯನಕ್ಕೆ ಹೆಸರಾದ ವೃದ್ಧ ಸಂಗೀತಗಾರ. ಮನೆತನದ ಹೆಸರಷ್ಟೇ ಅಲ್ಲ, ಇಟ್ಟ ಹೆಸರೂ ಒಂದೇ! ಹೆಸರು ಮನುಷ್ಯನನ್ನು ತಿಳಿಸುತ್ತದೆಂದು ಇನ್ನು ಯಾರು ವಾದಿಸಬೇಕು?

ಕಡೆಯದಾಗಿ, ಈ ಅಂಗಿಯನ್ನು ಕಳಚಿಟ್ಟ ಒಬ್ಬನ ವಿಚಾರ. ಅಮೆರಿಕದ ಪಿಟ್ಸ್‌ಬರ್ಗ್ ನಗರದ ಬಡವರ ಬೀದಿಯಲ್ಲಿ 1945ರಲ್ಲಿ ಫ್ರೆಡರಿಕ್ ಆಗಸ್ಟ್ ಕಿಟ್ಟೆಲ್ ಎಂಬ ಮಗು ಹುಟ್ಟಿತು. ತಂದೆ ವಲಸೆ ಬಂದ ಜರ್ಮನ್, ರೊಟ್ಟಿ ಬೇಯಿಸುವ ಕಸುಬಿನವನು. ಮನೆಯಲ್ಲಿ ಇದ್ದುದಕ್ಕಿಂತ ಇಲ್ಲದುದೇ ಹೆಚ್ಚು. ತಾಯಿ ಡೈಸಿ ವಿಲ್ಸನ್, ಮನೆಗೆಲಸ ಮಾಡಿ ಮಕ್ಕಳನ್ನು ಸಾಕಿದ ಕರಿಯ ಜನಾಂಗದ ಹೆಣ್ಣುಮಗಳು. ಹುಡುಗ ಹದಿನೈದನೆಯ ವಯಸ್ಸಿನಲ್ಲಿ ನೆಪೋಲಿಯನ್ನನ ಬಗ್ಗೆ ಇಪ್ಪತ್ತು ಪುಟಗಳ ಪ್ರಬಂಧ ಬರೆದುಕೊಟ್ಟಾಗ, ಇದು ನೀನು ಬರೆದದ್ದಲ್ಲವೆಂದು ಶಾಲೆಯಲ್ಲಿ ಆರೋಪಿಸಿದರು. ಅವನು ಶಾಲೆಯನ್ನು ಬಿಟ್ಟು ಸಾರ್ವಜನಿಕ ಪುಸ್ತಕಾಲಯದಲ್ಲಿ ಕುಳಿತು ಓದಿದ. ತಂದೆ ತೀರಿಕೊಂಡ 1965ರಲ್ಲಿ ಅವನು ತಾಯಿಯ ಮನೆತನದ ಹೆಸರನ್ನು ಧರಿಸಿ ಆಗಸ್ಟ್ ವಿಲ್ಸನ್ ಆದ. ಇಪ್ಪತ್ತನೆಯ ಶತಮಾನದ ಒಂದೊಂದು ದಶಕಕ್ಕೆ ಒಂದೊಂದರಂತೆ ಹತ್ತು ನಾಟಕಗಳಲ್ಲಿ ತನ್ನ ಜನರ ಬಾಳನ್ನು ಕಂಡರಿಸಿದ. 1987ರಲ್ಲೂ 1990ರಲ್ಲೂ ಪುಲಿಟ್ಜರ್ ಪ್ರಶಸ್ತಿಯನ್ನು ಪಡೆದು, 2005ರಲ್ಲಿ ನಿಧನನಾದ. ಅವನಿಗೆ ಪ್ರೌಢಶಾಲೆಯ ಪದವಿಪತ್ರವನ್ನು ಗೌರವಾರ್ಥವಾಗಿ ಕೊಟ್ಟದ್ದು ಆ ಪುಸ್ತಕಾಲಯವೇ. ಹುಟ್ಟಿನಿಂದ ಬಂದ ಹೆಸರು ತನ್ನನ್ನು ಸಾಕಿದವಳನ್ನು ಹೇಳುತ್ತಿಲ್ಲವೆಂದು ಕಂಡಾಗ, ಹೇಳುವ ಹೆಸರನ್ನು ಅವನು ಆರಿಸಿಕೊಂಡ.

ಇವರೆಲ್ಲರನ್ನೂ ಕಂಡ ಮೇಲೆ, ಗೆರ್ಹಾರ್ಡನ ಕೋಶವನ್ನು ಕಪಾಟಿನಿಂದ ತೆಗೆದುಹಾಕಬೇಕೆ ಎಂದು ಯಾರಾದರೂ ಕೇಳಬಹುದು. ಬೇಡವೆಂದೇ ನನ್ನ ಉತ್ತರ. ಅದರಲ್ಲಿ ಹಲವರ ಶ್ರಮವಿದೆ. ದೈವಶಾಸ್ತ್ರದ ವಿದ್ಯಾರ್ಥಿಗಳು ಅದನ್ನು ಬಳಸುತ್ತಿದ್ದಾರೆ, ಬಳಸಲಿ. ಕರ್ತೃವಿನ ಕಥೆಯನ್ನು ಮಾತ್ರ ಗ್ರಂಥದ ಜೊತೆಯಲ್ಲಿಯೇ ತಿಳಿದಿರಬೇಕು. ಹಾಗೆಯೇ ನಮ್ಮ ಕಿಟ್ಟೆಲ್ಲರ ಹೆಸರಿಗೆ ಈ ಇಬ್ಬರಿಂದ ಕಳಂಕವೂ ಇಲ್ಲ, ಬಾಖನ ಶಿಷ್ಯನಿಂದ ಹೊಳಪೂ ಇಲ್ಲ. ಒಬ್ಬರ ಪುಣ್ಯ ಇನ್ನೊಬ್ಬರಿಗೆ ಸಲ್ಲದು, ಪಾಪವೂ ಸಲ್ಲದು. ಇದು ಎಲ್ಲರೂ ಒಪ್ಪುವ ಮಾತೇ. ಆದರೂ ಹೊಸಬರೊಬ್ಬರು ಎದುರಾದಾಗ ಹೆಸರನ್ನು ಕೇಳಿ, ಅಷ್ಟರಿಂದ ತೃಪ್ತರಾಗದೆ ಅಡ್ಡಹೆಸರನ್ನೂ ಊರನ್ನೂ ಕೇಳಿ, ಅಲ್ಲಿಂದ ಕುಲವನ್ನು ಊಹಿಸಿ, ಆ ಮನುಷ್ಯನ ಅರ್ಥವನ್ನು ಮನಸ್ಸಿನಲ್ಲಿಯೇ ಬರೆದುಕೊಂಡುಬಿಡುವ ಅಭ್ಯಾಸ ನಮ್ಮ ನಾಡಿನಲ್ಲಿ ಹೋಗಿಲ್ಲ. ಹಾಜರಿ ಪುಸ್ತಕವನ್ನು ಓದುವ ಅಧ್ಯಾಪಕರಲ್ಲಿಯೂ ಹೋಗಿಲ್ಲ. ಪದಕ್ಕೆ ಅರ್ಥ ಬರೆಯುವ ಮುನ್ನ ಅದರ ಪ್ರಯೋಗವನ್ನು ಕಾವ್ಯದಲ್ಲೂ ಗಾದೆಯಲ್ಲೂ ಜನರ ಬಾಯಿಯಲ್ಲೂ ಹುಡುಕಿಕೊಂಡು ಹೋದ ಆ ವೃದ್ಧ ನಿಘಂಟುಕಾರರಿಂದ, ಪದಗಳ ವಿಷಯದಲ್ಲಿ ನಾವು ಬೇಕಾದಷ್ಟು ಕಲಿತಿದ್ದೇವೆ. ಮನುಷ್ಯರ ವಿಷಯದಲ್ಲಿಯೂ ಅವರ ಕ್ರಮವನ್ನೇ ಹಿಡಿದರೆ ಅವರ ಋಣ ಇನ್ನಷ್ಟು ತೀರೀತು.